ಅವಳಿ ಬಸುರಿ ಮತ್ತು ಹಾಸಿಗೆಯ ಕಟ್ಟಳೆ

ಆಸ್ಪತ್ರೆಯಿಲ್ಲ, ಡಾಕ್ಟರಿಲ್ಲ, ಔಷಧಿಯಿಲ್ಲ ಅಂತ ನಾವು ಕೂಗುತ್ತಲೇ ಬಂದಿದ್ದೇವೆ. ಕೂಗಲೇಬೇಕು. ಆದರೆ ದೊಡ್ಡವರು ಹೇಳಿದ ಚಿಕಿತ್ಸೆಯಿಂದ ನಿಜಕ್ಕೂ ಗುಣವಿದೆಯೇ ಎಂದು ಕೇಳುವ ಹಕ್ಕೂ ನಮ್ಮದೇ. ಅವಳಿ ಬಸುರಿಯರ ಆರೈಕೆಯ ಚರಿತ್ರೆ ಇದನ್ನೇ ಕಲಿಸುತ್ತದೆ.

ಹೊಟ್ಟೆಯಲ್ಲಿ ಎರಡು ಕೂಸಿದ್ದರೆ ದಿನ ತುಂಬುವ ಮೊದಲೇ ಬೇನೆ ಬರುವುದು ಹೆಚ್ಚು. ಹಾಗೆ ಹುಟ್ಟಿದ ಮಕ್ಕಳು ಸಣ್ಣವು. ಉಸಿರಾಡಲು ತಿಣುಕುತ್ತವೆ, ಎಷ್ಟೋ ಸಾಯುತ್ತವೆ. ಇದಕ್ಕೆ ವೈದ್ಯರು ಕಂಡುಕೊಂಡ ಒಂದು ದಾರಿ: ತಾಯಿಯನ್ನು ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿಸುವುದು. 1970ರ ದಶಕದಲ್ಲಿ ಸ್ವೀಡನ್ನಿನ ಮಾಲ್ಮೋ ಊರಿನಲ್ಲಿ ಬಸುರಿಯರಿಗೆಲ್ಲ ಸ್ಕ್ಯಾನಿಂಗ್ ಮಾಡಿ, ಅವಳಿಗಳನ್ನು ಬೇಗ ಪತ್ತೆ ಹಚ್ಚಿ, ತಾಯಂದಿರನ್ನು ಹಾಸಿಗೆಗೆ ಸೇರಿಸಿದರು. ಸಾಯುವ ಕೂಸುಗಳು ಕಡಿಮೆಯಾದವು. ಹಾಸಿಗೆಯೇ ಕಾಪಾಡಿತು ಅಂದರು. ಬೇಗ ಪತ್ತೆಯಾದದ್ದು ಕಾಪಾಡಿತೋ, ಹಾಸಿಗೆ ಕಾಪಾಡಿತೋ? ಎರಡೂ ಒಟ್ಟಿಗೇ ಬಂದಾಗ ಯಾವುದರ ಗುಣ ಎಷ್ಟು ಅಂತ ಹೇಳುವುದು ಹೇಗೆ? ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ಉತ್ತರ ಹುಡುಕಿದ್ದು ಆಫ್ರಿಕಾದ ಜಿಂಬಾಬ್ವೆ. ಅದು ರೊಡೇಷಿಯಾ ಆಗಿದ್ದಾಗ ಬಿಳಿಯರಿಗೆ ಒಂದು ಆಸ್ಪತ್ರೆ, ಕರಿಯರಿಗೆ ಬೇರೆ ಆಸ್ಪತ್ರೆ. ಊರ ಬಾವಿ, ಕೇರಿ ಬಾವಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ದೇಶ ಸ್ವತಂತ್ರವಾಯಿತು. ಆಮೇಲೆ ರಾಜಧಾನಿ ಹರಾರೆಯ ವೈದ್ಯರು ಅವಳಿ ಹೊತ್ತ 212 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 32ನೇ ವಾರದಿಂದ ಆಸ್ಪತ್ರೆಯ ಹಾಸಿಗೆ. ಇನ್ನೊಂದು ಗುಂಪು ಮನೆಯಲ್ಲಿದ್ದು ತಪಾಸಣೆಗೆ ಬರುವುದು. ಫಲಿತಾಂಶ 1985ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ದಿನ ತುಂಬದ ಹೆರಿಗೆ ಹೆಚ್ಚಾಗಿದ್ದದ್ದು ಮಲಗಿದವರಲ್ಲೇ!

ಅಲ್ಲಿಗೇ ನಿಲ್ಲಲಿಲ್ಲ. 1990ರಲ್ಲಿ ಹರಾರೆಯಿಂದಲೇ 139 ಹೆಂಗಸರ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ಮಲಗಿದ ತಾಯಂದಿರ ಕೂಸುಗಳು ಕೊಂಚ ಚೆನ್ನಾಗಿ ಬೆಳೆದಿದ್ದವು. ಆದರೆ ಅವಧಿಗೆ ಮುಂಚಿನ ಹೆರಿಗೆ ತಪ್ಪಲಿಲ್ಲ. 2010ರಲ್ಲಿ ಇಂಥ 7 ಪರೀಕ್ಷೆಗಳ 713 ಹೆಂಗಸರ ಲೆಕ್ಕವನ್ನು ಒಟ್ಟು ಹಾಕಿ ನೋಡಿದರು. ಎಲ್ಲರನ್ನೂ ಸುಮ್ಮನೆ ಮಲಗಿಸುವುದರಿಂದ ಬೇಗನೆ ಹೆರುವುದೂ ಕಡಿಮೆಯಾಗಿಲ್ಲ, ಕೂಸಿನ ಸಾವೂ ಕಡಿಮೆಯಾಗಿಲ್ಲ.

ಹಾಗಾದರೆ ಬಸುರಿಗೆ ವಿಶ್ರಾಂತಿಯೇ ಬೇಡವೆ? ಜಮೀನ್ದಾರರು ಹಾಗಂತ ಓದಿಕೊಂಡಾರು, ಹುಷಾರು! ಪರೀಕ್ಷೆಯಾದದ್ದು ಆಸ್ಪತ್ರೆಯ ಹಾಸಿಗೆಯೇ ಹೊರತು ಕೂಲಿಯಿಂದ ಬಿಡುವು ಅಲ್ಲ. ಎರಡೂ ಒಂದೇ ಅಲ್ಲ. ಆಸ್ಪತ್ರೆಯಲ್ಲಿ ಎಂಟು ವಾರ ಮಲಗಿದವಳ ಮನೆಯಲ್ಲಿ ಒಲೆ ಹಚ್ಚುವವರು ಯಾರು? ದೊಡ್ಡ ಮಕ್ಕಳನ್ನು ನೋಡುವವರು ಯಾರು? ಹೋದ ಕೂಲಿ ಕೊಡುವವರು ಯಾರು? ನಿನಗೆ ಇದು ಹೇಗಾಯಿತವ್ವಾ ಅಂತ ಆ ಹೆಂಗಸರನ್ನೇ ಕೇಳಿ ಬರೆದಿಟ್ಟ ಪರೀಕ್ಷೆಗಳು ತೀರ ವಿರಳ. ತೂಕ ಅಳೆದರು, ವಾರ ಎಣಿಸಿದರು, ಮಾತು ಕೇಳಲಿಲ್ಲ.

ಸ್ವೀಡನ್ 1974ರಲ್ಲೇ ತಂದೆ ತಾಯಿ ಇಬ್ಬರಿಗೂ ಸಂಬಳದ ರಜೆಯ ಕಾನೂನು ತಂದಿತ್ತು. ನಮ್ಮ ದೇಶದಲ್ಲಿ 2017ರಲ್ಲಿ ಹೆರಿಗೆ ರಜೆ 26 ವಾರಕ್ಕೇರಿತು. ಆದರೆ ಹೊಲದಲ್ಲಿ ದಿನಗೂಲಿ ಮಾಡುವವಳಿಗೆ ಆ ತಿದ್ದುಪಡಿ ಸಂಬಳದ ರಜೆ ತರಲಿಲ್ಲ. ಹೊಟ್ಟೆಯಲ್ಲಿ ಎರಡು ಕೂಸು ಹೊತ್ತವಳು ಕಳೆ ಕೀಳುತ್ತಾಳೆ, ನೀರು ಹೊರುತ್ತಾಳೆ. ಅವಳಿಗೆ 'ರೆಸ್ಟ್ ತಗೋಮ್ಮ' ಅನ್ನುವುದು ಸುಲಭ.

ನಮ್ಮ ಬೇಡಿಕೆ ಸ್ಪಷ್ಟವಿರಲಿ. ಅವಳಿ ಇರುವುದು ಬೇಗ ಪತ್ತೆಯಾಗಬೇಕು. ತಪಾಸಣೆ ಊರ ಹತ್ತಿರ ಸಿಗಬೇಕು. ಬೇನೆ ಬೇಗ ಬಂದರೆ ಗಾಡಿ ಸಿಗಬೇಕು, ಸಣ್ಣ ಕೂಸನ್ನು ಉಳಿಸುವ ಆಸ್ಪತ್ರೆ ಸಿಗಬೇಕು. ಕೂಲಿ ಕಳೆಯದ ಬಿಡುವು ಬೇಕು. ಮತ್ತು ಇದೆಲ್ಲ ಫಲಿಸಿತೇ ಎಂದು ಅಳೆಯುವಾಗ ಹೆತ್ತವಳ ಮಾತೂ ಲೆಕ್ಕಕ್ಕೆ ಬರಬೇಕು. ದೊಡ್ಡ ದೇಶದ ಕಟ್ಟಳೆಯನ್ನು ಹರಾರೆ ಪರೀಕ್ಷೆಗೆ ಹಚ್ಚಿತು. ನಮ್ಮ ಊರಿನ ಕಟ್ಟಳೆಗಳನ್ನು ಪರೀಕ್ಷೆಗೆ ಹಚ್ಚುವವರು ನಾವೇ ಆಗಬೇಕು.