ಗಡಿ ತೋರಿಸಿದವನ ಹೆಸರು

ಊರೊಳಗಿನ ಹುಡುಗನನ್ನು ನಿನ್ನ ಮುತ್ತಾತ ಯಾರಪ್ಪಾ ಎಂದು ಕೇಳಿ. ಪಡಸಾಲೆಯ ಗೋಡೆಯ ಮೇಲಿನ ಪಟ ತೋರಿಸುತ್ತಾನೆ. ಹೊಲದ ಪತ್ರ ತೆಗೆಯುತ್ತಾನೆ. ಎತ್ತಿನ ಮೇಲೆ ಬರುತ್ತಿದ್ದ ಹೆಳವರು ತಮ್ಮ ಮನೆತನದ ಏಳು ತಲೆ ಹೇಳಿ ಕಾಳು ಇಸಕೊಂಡು ಹೋಗುತ್ತಿದ್ದ ಕತೆ ಹೇಳುತ್ತಾನೆ. ಅದೇ ಮಾತನ್ನು ಕೇರಿಯ ಹುಡುಗನಿಗೆ ಕೇಳಿ. ಅಪ್ಪ ಗೊತ್ತು. ಅಜ್ಜ ಗೊತ್ತು. ಅದರಾಚೆ ಗೊತ್ತಿಲ್ಲ. ನಮ್ಮ ಕೇರಿಗೆ ಹೆಳವರ ಎತ್ತು ಬಂದದ್ದನ್ನು ನಮ್ಮಜ್ಜಿ ಕಂಡಿಲ್ಲ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. 1526, 1556, 1761 ಎಂದು ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಬಾಯಿಪಾಠ ಮಾಡಿ ಪಾಸಾದೆ. ನಮ್ಮ ಮನೆಯ ಮೂರು ತಲೆ ಹಿಂದಿನವನ ಹೆಸರು ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ನಾನು ಆ ಹೆಸರು ಹುಡುಕಲು ಹೊರಟದ್ದು ಮನೆತನದ ಹೆಮ್ಮೆಗಲ್ಲ. ಚನ್ನಗಿರಿ ತಾಲ್ಲೂಕಿನ ನಮ್ಮೂರ ಕೆರೆಯ ಕೆಳಗೆ ಒಂದು ತುಂಡು ಹೊಲವಿದೆ. ಉಳುವವರು ಬೇರೆಯವರು. ಆದರೆ ಊರವರ ಬಾಯಲ್ಲಿ ಇವತ್ತಿಗೂ ಅದು ‘ತೋಟಿ ಹೊಲ’. ನಮ್ಮೂರಲ್ಲಿ ತೋಟಿ ಮನೆ ಅಂದರೆ ನಮ್ಮದೇ. ಅಜ್ಜಿಯನ್ನು ಕೇಳಿದೆ.

“ನಮ್ದೇ ಕಣಲೇ. ಕಾಗ್ದ ಯಾರ ಹತ್ರ ಐತೋ ಏನೋ.”

ಆ ಕಾಗದ ಹುಡುಕಲು ಹೋದವನಿಗೆ ಏನೇನು ಸಿಕ್ಕಿತೋ ಅದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಕೇರಿಗೂ ಅದು ಬೇಕಾಗುತ್ತದೆ.

ತೋಟಿ ಊರಿನ ಆಯಗಾರರಲ್ಲಿ ಒಬ್ಬ. ಕಂದಾಯಕ್ಕೆ ರೈತರನ್ನು ಕರೆಯಬೇಕು, ಡಂಗುರ ಸಾರಬೇಕು, ಬೆಳೆ ಕಾಯಬೇಕು, ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತು ಊರೂರು ನಡೆಯಬೇಕು. ಇಷ್ಟಕ್ಕೆ ಕಣದಲ್ಲಿ ಮೊರದಷ್ಟು ಕಾಳು, ಕೆಲವು ಊರಲ್ಲಿ ಒಂದಿಷ್ಟು ಇನಾಮು ನೆಲ. ಸೀಮೆಗೆ ತಕ್ಕಂತೆ ಈ ಚಾಕರಿ ಹೊಲೆಯರದ್ದೋ ಮಾದಿಗರದ್ದೋ ಆಗಿತ್ತು.

ಕೇರಿಯವನಿಗೆ ಇನ್ನೂ ಒಂದು ಕೆಲಸವಿತ್ತು. ಊರ ಗಡಿ ಹೇಳುವುದು. 1873ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಮೈಸೂರು ಕಮಿಷನ್ನಿನ ಅಧಿಕಾರಿ ಕ್ಯಾಪ್ಟನ್ ಮೆಕೆಂಜಿ ಇದನ್ನು ಬರೆದಿದ್ದಾನೆ. ಎರಡು ಊರಿಗೆ ಗಡಿ ತಂಟೆ ಬಂದರೆ ಹೊಲೆಯರ ಕುಳವಾಡಿಯ ಮಾತೇ ಕೊನೆ. ಅವನು ಊರ ಮಣ್ಣಿನ ಉಂಡೆಯ ನಡುವೆ ನೀರಿಟ್ಟುಕೊಂಡು, ಅದನ್ನು ತಲೆ ಮೇಲೆ ಹೊತ್ತು ಗಡಿಗುಂಟ ನಡೆಯಬೇಕು. ಹಾದಿ ಸರಿಯಿದ್ದರೆ ಉಂಡೆ ನಿಲ್ಲುತ್ತದೆ. ತಪ್ಪಿದರೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬುದು ನಂಬಿಕೆ.

ಗೆಳೆಯರೇ, ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಗಳ ಉಳ್ಳವರದ್ದು, ಪಣಕ್ಕಿಟ್ಟದ್ದು ನಮ್ಮವನ ಪ್ರಾಣ. ಬಾವಿಗೆ ಬಿಡದವರು, ಗುಡಿಗೆ ಬಿಡದವರು ನೆಲದ ಮಾತು ಬಂದಾಗ ಮಾತ್ರ ಅವನ ಕಾಲ ಹಿಂದೆ ನಡೆದರು. ಊರಿನ ನೆಲದ ಪತ್ರ ಆಗ ಇದ್ದದ್ದೇ ನಮ್ಮವನ ತಲೆಯಲ್ಲಿ.

ಆ ಪತ್ರ ಕಾಗದಕ್ಕೆ ಇಳಿದದ್ದು ಸರ್ವೆಯಿಂದ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ ಶುರುವಾಯಿತು. ಸರಪಳಿ ಬಂತು, ಬಾಂದು ಕಲ್ಲು ಬಂತು, ಟಿಪ್ಪಣಿ, ಆಕಾರಬಂದು ಬಂದವು. ಹೊಲದ ಉದ್ದ ಅಗಲ ಬರೆದರು, ಖಾತೆದಾರನ ಹೆಸರು ಬರೆದರು. ಗಡಿ ನಡೆದು ತೋರಿಸಿದವನ ಹೆಸರಿಗೆ ಅಲ್ಲಿ ಕಲಮೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣವೆಂದು ಶಾಸನ ನೋಡಿದೆ. ಬಿ.ಎಲ್. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೇ ಸಂಪುಟದಲ್ಲಿ, 1902ರದ್ದು, ಹೊನ್ನಾಳಿ ಚನ್ನಗಿರಿ ಶಾಸನಗಳಿವೆ. ಜಗಳೂರಿನವು 1903ರ ಹನ್ನೊಂದನೇ ಸಂಪುಟದಲ್ಲಿವೆ. ದಾನ ಕೊಟ್ಟ ದೊರೆ, ದಾನ ಪಡೆದ ಬ್ರಾಹ್ಮಣ, ಯುದ್ಧದಲ್ಲಿ ಸತ್ತ ವೀರ, ಎಲ್ಲರೂ ಅಲ್ಲಿದ್ದಾರೆ. ಆ ಕಲ್ಲನ್ನು ಬೆಟ್ಟದಿಂದ ಹೊತ್ತು ತಂದವರನ್ನು ನಾನು ಕಾಣಲಿಲ್ಲ.

ಹಾಗಾದರೆ ನಮ್ಮ ಹೆಸರು ಎಲ್ಲೂ ಇಲ್ಲವೇ? ಇದೆ. ಚಾಕರಿ ಮಾಡಿಸಿಕೊಂಡ ಕಡೆ, ಸಾಲ ಬರೆಸಿಕೊಂಡ ಕಡೆ, ಹೆಬ್ಬೆಟ್ಟು ಒತ್ತಿಸಿಕೊಂಡ ಕಡೆ ಇದೆ. ಗ್ರಾಮ ಚಾಕರಿಯ ಇನಾಮು ರಿಜಿಸ್ಟರು, ಕೈಬರಹದ ಪಹಣಿ, ಮ್ಯುಟೇಷನ್ ಪುಸ್ತಕ, ಪಟೇಲರು ಇಡುತ್ತಿದ್ದ ಜನನ ಮರಣದ ಪುಸ್ತಕ, ಶಾಲೆಯ ದಾಖಲಾತಿ ರಿಜಿಸ್ಟರು, ಸಹಕಾರ ಸೊಸೈಟಿಯ ಸದಸ್ಯರ ಪಟ್ಟಿ, 1976ರ ಕಾಯ್ದೆಗಿಂತ ಹಿಂದಿನ ಜೀತದ ಪತ್ರ. ಜನಗಣತಿಯ ಹಳೆ ಸಂಪುಟಗಳಲ್ಲಿ ಜಾತಿಯ ತಲೆ ಎಣಿಕೆ ಸಿಗುತ್ತದೆ, ಹೆಸರು ಸಿಗುವುದಿಲ್ಲ.

ಹುಡುಕುವವನು ಜಿಲ್ಲೆಯ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಹಿಂದೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಮೊನ್ನೆಮೊನ್ನೆಯವರೆಗೆ ಹೊನ್ನಾಳಿಯ ಹೋಬಳಿ. ಬೇರೆ ತಾಲ್ಲೂಕಾದದ್ದು 2018ರ ಹೊತ್ತಿಗೆ. ಕಮಿಷನರ್ ಆಳ್ವಿಕೆಯ ಕಾಲಕ್ಕೆ ಹೋದರೆ ಶಿವಮೊಗ್ಗ, ಚಿತ್ರದುರ್ಗ ಎರಡೂ ‘ನಗರ ಡಿವಿಜನ್’ ಒಳಗೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೂತು ಹಳೆ ಕಡತಗಳಲ್ಲಿ ‘ದಾವಣಗೆರೆ ಜಿಲ್ಲೆ’ ಹುಡುಕಿದರೆ ಕೈಗೆ ಧೂಳು ಮಾತ್ರ ಹತ್ತುತ್ತದೆ.

ನಾನು ಹೋದ ಒಂದು ಕಚೇರಿಯಲ್ಲಿ, “ಅಷ್ಟು ಹಳೇದು ಎಲ್ಲಿರುತ್ತಪ್ಪಾ, ಗೆದ್ದಲು ತಿಂದಿರುತ್ತೆ” ಅಂದರು. ಎರಡನೇ ಸಲವೂ ಅದೇ ಗೆದ್ದಲು. ಮೂರನೇ ಸಲ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಹೋದೆ. ವಯಸ್ಸಾದ ಜವಾನರೊಬ್ಬರು ಮಾತಾಡದೆ ಏಣಿ ಹತ್ತಿ ಕೆಂಪು ಬಟ್ಟೆಯ ಗಂಟು ಇಳಿಸಿದರು. ಗೆದ್ದಲು ಅಂಚು ಮಾತ್ರ ತಿಂದಿತ್ತು.

ಸರ್ವೆ ನಂಬರು. ಅದರ ಮುಂದೆ ‘ತೋಟಿ ಇನಾಮ್ತಿ’. ಅದರ ಮುಂದೆ ಒಂದು ಹೆಸರು, ‘ಬಿನ್’, ಇನ್ನೊಂದು ಹೆಸರು.

ಬಿನ್ ಎಂದರೆ ಮಗ. ಅರಬ್ಬಿ ಮಾತು ಕಂದಾಯ ಕಚೇರಿ ಸೇರಿ ಕನ್ನಡದ್ದೇ ಆಗಿದೆ. ಕೇರಿಯವರ ವಂಶ ಉಳಿದಿರುವುದು ಈ ಎರಡಕ್ಷರದಲ್ಲಿ. ಒಂದು ಪುಸ್ತಕದಲ್ಲಿ ಅಪ್ಪನ ಹೆಸರಾಗಿದ್ದವನು ಇನ್ನೂ ಹಳೆಯ ಪುಸ್ತಕದಲ್ಲಿ ಮಗನ ಜಾಗಕ್ಕೆ ಬಂದು ನಿಲ್ಲುತ್ತಾನೆ. ಹಾಗೆ ಒಂದೊಂದೇ ತಲೆ ಹಿಂದಕ್ಕೆ ನಡೆಯಬೇಕು. ಅದೇ ಪುಟದಲ್ಲಿ ಮೇಲಿನವರೆಲ್ಲ ಅಪ್ಪ, ಅಯ್ಯ, ಗೌಡ. ನಮ್ಮವರ ಹೆಸರಿಗೆ ಆ ಬಾಲವಿಲ್ಲ. ಕರೆಯುವಾಗ ಏಕವಚನ, ಬರೆಯುವಾಗಲೂ ಏಕವಚನ. ಹೆಂಗಸರದ್ದು ಇನ್ನೂ ಕಡೆ. ಗಂಡ ಸತ್ತ ಮೇಲೆ ಖಾತೆಗೆ ಬಂದರೆ ಹೆಸರಿನ ಜೊತೆ ‘ಕೋಂ’ ಎಂದು ಗಂಡನ ಹೆಸರು. ಹೆತ್ತವರ ಹೆಸರಿಲ್ಲ, ತವರಿಲ್ಲ.

ಈಗ ಹೊಲದ ಮಾತಿಗೆ ಬರೋಣ. ಕಾರ್ಯಕರ್ತರು ಇದನ್ನು ಸರಿಯಾಗಿ ಗಮನಿಸಬೇಕು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲಿಕೆ, ಶಾನುಭೋಗಿಕೆಯ ಜೊತೆ ತೋಟಿ ಚಾಕರಿಯೂ ಹೋಯಿತು. ಇನಾಮು ನೆಲ ಸರ್ಕಾರಕ್ಕೆ ಸೇರಿತು. ಹಣ ಕಟ್ಟಿದರೆ ಹಳೆ ಹುದ್ದೆದಾರನಿಗೇ ಮರುಮಂಜೂರು. ಹಣ ಎಲ್ಲಿತ್ತು? ಮರುಮಂಜೂರು ಎಂದರೇನೆಂದು ಕೇರಿಗೆ ಬಂದು ಹೇಳಿದವರು ಯಾರು?

ಪರಿಶಿಷ್ಟರ ನೆಲ ಪರಭಾರೆ ಆಗದಂತೆ ತಡೆಯುವ ಪಿಟಿಸಿಎಲ್ ಕಾಯ್ದೆ 1978ರದ್ದು, ಜಾರಿಯಾದದ್ದು 1979ರ ಜನವರಿ 1ರಿಂದ. ತೋಟಿ ಹೊಲವೂ ಇದರಲ್ಲಿ ಬರುತ್ತದೆ ಎಂದೇ ನಾನು ನಂಬಿದ್ದೆ. ಕಾಯ್ದೆಯನ್ನೇ ಓದಿದಾಗ ಎದೆ ಧಸಕ್ಕೆಂದಿತು. ‘ಮಂಜೂರಾದ ಭೂಮಿ’ ಎಂದರೇನೆಂದು ಹೇಳುವ ಕಲಮಿನಲ್ಲೇ ವಂಶಪಾರಂಪರ್ಯ ಹುದ್ದೆಗೆ ಸೇರಿದ ನೆಲವನ್ನು ಹೊರಗಿಟ್ಟಿದ್ದಾರೆ. ಸರ್ಕಾರ ದರಖಾಸ್ತಿನಲ್ಲಿ ಕೊಟ್ಟು ಸಾಗುವಳಿ ಚೀಟಿ ಬರೆದಿದ್ದರೆ ಪಿಟಿಸಿಎಲ್. ‘ತೋಟಿ ಇನಾಮ್ತಿ’ ಎಂದಿದ್ದರೆ 1961ರ ಕಾಯ್ದೆ, ಅದಕ್ಕೆ 1978ರಲ್ಲಿ ಆದ ತಿದ್ದುಪಡಿ. ಒಂದು ಪದದಿಂದ ದಾರಿಯೇ ಬೇರೆ. ಆ ಪದ ನೋಡದೆ ಅರ್ಜಿ ಹಾಕಿದರೆ ಎಷ್ಟೋ ವರ್ಷ ಅಲೆದ ಮೇಲೆ ‘ಈ ಕಾಯ್ದೆಯಡಿ ಬರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ಪಿಟಿಸಿಎಲ್ ಅರ್ಜಿ ತಡವಾಯಿತೆಂದು ಹಕ್ಕು ಕಳಕೊಂಡವರ ಪಾಡು 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹೆಚ್ಚಿತ್ತು. ಕಾಲಮಿತಿ ಇಲ್ಲವೆಂದು ಹೇಳಲು 2023ರಲ್ಲಿ ತಿದ್ದುಪಡಿ ತರಬೇಕಾಯಿತು.

ಹೊಲದ ಹಾಗೆ ಜಾತಿಯ ಹೆಸರಿಗೂ ಹಳೆ ಕಾಗದ ಬೇಕು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ‘ಪಂಚಮ’ ಎಂಬ ಮಾತು ಹೋಗಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಬಂದವು. ಅವಮಾನದ ಹೆಸರು ಕಳಚಿದ ದೊಡ್ಡ ಹೆಜ್ಜೆ ಅದು. ಆದರೆ ಒಂದೇ ‘ಎ.ಕೆ.’ಯೊಳಗೆ ಒಂದು ಕಡೆ ಹೊಲೆಯರು, ಇನ್ನೊಂದು ಕಡೆ ಮಾದಿಗರು ಸೇರಿ ಮೂಲ ಹೆಸರು ಮರೆಯಾಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ತೆರೆಯಿತು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಗಣತಿಯವರು ಮನೆಮನೆಗೆ ಬಂದು ಮೂಲ ಜಾತಿ ಕೇಳಿದಾಗ ಓದಿದ ಹುಡುಗರು ‘ಎ.ಕೆ.’ ಅಂದು ಸುಮ್ಮನಾದರು. ನಮ್ಮಜ್ಜಿ ಒಳಗಿಂದಲೇ ಹೆಸರು ಕೂಗಿ ಹೇಳಿದಳು. “ನಾವ್ಯಾರಂತ ನಮಗ್ಗೊತ್ತಿಲ್ವೇನಲೇ? ಬರಿಯೋರಿಗೆ ಗೊತ್ತಿರ್ಲಿಲ್ಲ ಅಷ್ಟೇ.” ಅವಳು ಹೇಳಿದ್ದೂ ಹಳೆ ರಿಜಿಸ್ಟರಿನಲ್ಲಿದ್ದದ್ದೂ ಒಂದೇ.

ಅಜ್ಜಿಯ ತವರು ಜಗಳೂರು ಸೀಮೆ. ಮಳೆ ಕೈಕೊಡುವ ನೆಲ. ಭದ್ರಾ ನಾಲೆ ಹರಿದ ಮೇಲೆ ಅವಳ ಅಣ್ಣಂದಿರು ನಾಟಿ, ಕೊಯ್ಲು ಎಂದು ಈ ಕಡೆ ಬಂದರು. ನಾಲೆ ತೋಡಿದ ಲೆಕ್ಕ ಇಲಾಖೆಯಲ್ಲಿರಬಹುದು. ಗಂಟು ಕಟ್ಟಿಕೊಂಡು ನಡೆದು ಬಂದವರ ಲೆಕ್ಕ ಇರುವುದು ಅವಳ ನಾಲಿಗೆಯಲ್ಲಿ. ಅಜ್ಜನ ತಂಗಿಯನ್ನು ಕೊಟ್ಟದ್ದು ನ್ಯಾಮತಿ ಕಡೆಗೆ. ಅಲ್ಲಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಲಂಬಾಣಿಗರು ತಮ್ಮ ಗೋತ್ರ, ಹಿರಿಯರ ಹೆಸರುಗಳನ್ನು ಹಾಡಿನಲ್ಲೇ ಕಟ್ಟಿಟ್ಟುಕೊಂಡು ಬಂದವರು. ಅಕ್ಷರವಿಲ್ಲದವರಿಗೆ ನೆನಪಿಲ್ಲ ಎನ್ನುವವರು ಆ ತಾಂಡಾಗಳಿಗೆ ಹೋಗಿ ಕೇಳಲಿ.

ದೂರದ ಅಮೆರಿಕದಲ್ಲೂ ಇದೇ ಕತೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಕಪ್ಪು ಜನರಿಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಹೆಸರು ಇದ್ದದ್ದು ಒಡೆಯನಿಗೆ. ಬಿಡುಗಡೆಯಾದ ಜನ ಜನಗಣತಿಯಲ್ಲಿ ಹೆಸರಿನೊಂದಿಗೆ ಬಂದದ್ದು 1870ರಲ್ಲಿ. ಅವರು ಅಳುತ್ತಾ ಕೂರಲಿಲ್ಲ. ಒಡೆಯನ ಉಯಿಲು, ಹರಾಜಿನ ಚೀಟಿ, ಸಾಲದ ಪುಸ್ತಕಗಳನ್ನೇ ತಿರುವಿ ತಮ್ಮವರನ್ನು ಹುಡುಕಿದರು. 1977ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ವಂಶಚರಿತ್ರೆಗೆಂದೇ ಒಂದು ಸಂಘ ಕಟ್ಟಿದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಆ ಜನರ ಹೋರಾಟದಿಂದ ಹೆಸರು ತಂದುಕೊಂಡರು. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿದ್ದು ದಲಿತ ಸಂಘರ್ಷ ಸಮಿತಿ ಕಟ್ಟಿ ನಮಗೆ ಬೀದಿಯಲ್ಲಿ ನಿಲ್ಲುವುದನ್ನು ಕಲಿಸಿದರು. ಈಗ ರೆಕಾರ್ಡ್ ರೂಮಿನಲ್ಲಿ ಕೂರುವುದನ್ನೂ ಕಲಿಯಬೇಕು.

ಕೇರಿಗೊಂದು ನೋಟುಬುಕ್ಕು ಇಡೋಣ. ಹಾಸ್ಟೆಲಿನ ನಾಲ್ಕು ಹುಡುಗರು, ಹುಡುಗಿಯರು ಸೇರಿದರೆ ಅದೇ ಸಂಘ. ಮೊದಲು ಮುದುಕರ ಮಾತು, ಅದರಲ್ಲೂ ಮುದುಕಿಯರ ಮಾತು ಬರೆದುಕೊಳ್ಳಿ; ಅವರು ಕಾಯುವುದಿಲ್ಲ. ಆಮೇಲೆ ಸರ್ವೆ ನಂಬರು ಹಿಡಿದು ಕಚೇರಿಗೆ ಹೋಗಿ, ದೃಢೀಕೃತ ನಕಲು ಕೇಳಿ. ತಾಲ್ಲೂಕು ಕಚೇರಿಗಳಲ್ಲಿ ‘ಭೂ ಸುರಕ್ಷಾ’ ಎಂದು ಹಳೆ ಕಡತ ಸ್ಕ್ಯಾನ್ ಮಾಡುವ ಕೆಲಸ ಶುರುವಾಗಿದೆ. ನಿಮ್ಮೂರ ಕಡತ ಅದರಲ್ಲಿ ಸೇರಿತೋ ಇಲ್ಲವೋ ವಿಚಾರಿಸಿ. ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು: ನಿಮ್ಮ ಶಾಲೆಯ ಬೀರುವಿನಲ್ಲಿರುವ ಹಳೆ ದಾಖಲಾತಿ ರಿಜಿಸ್ಟರನ್ನು ರದ್ದಿ ಎಂದು ಬಿಸಾಡಬೇಡಿ. ಅದು ಕೇರಿಯವರ ಶಾಸನ.

ನಮ್ಮ ಹೊಲ ಇನ್ನೂ ಬಂದಿಲ್ಲ. ಬರುತ್ತದೆಯೋ ಇಲ್ಲವೋ ಹೇಳಲಾರೆ. ನಕಲು ಹಿಡಿದು ಮನೆಗೆ ಹೋದ ದಿನ ಅಜ್ಜಿಯ ಮುಂದೆ ಕೂತು ಎರಡು ಹೆಸರನ್ನೂ ಓದಿದೆ. ಮೊದಲನೆಯದು ಅವಳ ಮಾವನದ್ದು. ಸೊಸೆಯಾಗಿ ಬಂದಂದಿನಿಂದ ಮಾವನ ಹೆಸರನ್ನು ಬಾಯಲ್ಲಿ ಆಡದವಳು ಅವಳು. ಸೆರಗು ಸರಿಮಾಡಿಕೊಂಡಳು. ಎರಡನೆಯ ಹೆಸರು ಅವಳಿಗೂ ಹೊಸದು.

“ಇನ್ನೊಂದ್ಸಲ ಓದು,” ಅಂದಳು.