ಕನ್ನಡಿಯ ಮೇಲಿನ ಕಾಗದ

ತರೀಕೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಏರಿಯ ಮೇಲೆ ಕುರಿಮರಿ ಮೇಯಿಸಿ ನಾಲಿಗೆ ತೊಡರಿಸುವ ಆ ಮಾತಿನಾಟ. ನನಗೆ ಮಾತ್ರ ಬಿ.ಎಚ್. ರಸ್ತೆಯ ಬದಿಯ ಒಂದು ಸಣ್ಣ ಕ್ಷೌರದಂಗಡಿ ನೆನಪಾಗುತ್ತದೆ. ಎರಡು ಕುರ್ಚಿ, ಎದುರುಬದುರಾಗಿ ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಕನ್ನಡಿಗಳ ನಡುವೆ ಕುಳಿತರೆ ನಮ್ಮ ತಲೆ ಒಂದರ ಹಿಂದೆ ಒಂದಾಗಿ ಲೆಕ್ಕವಿಲ್ಲದಷ್ಟು ಕಾಣುತ್ತಿತ್ತು. ಆ ತಲೆಗಳ ಸಾಲಿನ ಮೇಲ್ಗಡೆ, ಮಂಜುನಾಥಸ್ವಾಮಿಯ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಒಂದು ಕಾಗದ. ದೇವರಿಗೆ ಊದಿನಕಡ್ಡಿ ತಿರುಗಿಸುವಾಗ ಅಂಗಡಿಯವರು ಆ ಕಾಗದಕ್ಕೂ ಒಂದು ಸುತ್ತು ತಿರುಗಿಸುತ್ತಿದ್ದರು.

ಒಮ್ಮೆ ಕೇಳಿದೆ, "ಅದಕ್ಕೂ ಪೂಜೆನಾ ಅಣ್ಣ?"

"ಮುನ್ಸಿಪಾಲ್ಟಿ ಲೈಸೆನ್ಸು ಸಾರ್. ಅದಿದ್ರೇನೇ ಅಂಗ್ಡಿ. ಇಲ್ದಿದ್ರೆ ನಮ್ಮಪ್ಪನ ಥರ ಪೆಟ್ಟಿಗೆ ಹಿಡ್ಕೊಂಡು ಮನೆಮನೆ ತಿರುಗ್ಬೇಕು" ಎಂದರು.

ನಗುತ್ತಲೇ ಹೇಳಿದ ಮಾತು. ಆದರೆ ಅಪ್ಪನ ಪೆಟ್ಟಿಗೆಗೂ ಮಗನ ಕಾಗದಕ್ಕೂ ನಡುವೆ ಎಷ್ಟು ದೂರವಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕ್ಷೌರಿಕರಿಗೂ ಸರ್ಕಾರಿ ಬರಹಕ್ಕೂ ನಂಟು ಹೊಸದಲ್ಲ. ಕರ್ನಾಟಕದಲ್ಲಿ ಅದರ ಹಳೆಯ ದಾಖಲೆಗಳಲ್ಲಿ ಕೆಲವು ಕಲ್ಲಿನ ಮೇಲಿವೆ, ಅವೂ ತರೀಕೆರೆಗೆ ತೀರ ದೂರದಲ್ಲಿಲ್ಲ. ಅಜ್ಜಂಪುರ ದಾಟಿ ಹೊಸದುರ್ಗದ ಕಡೆ ಹೊರಟರೆ ಚಿತ್ರದುರ್ಗದ ಸೀಮೆ ಸಿಗುತ್ತದೆ. ಆ ಸೀಮೆಯಲ್ಲಿಯೂ ಬಾದಾಮಿಯಲ್ಲಿಯೂ ಹದಿನಾರನೆಯ ಶತಮಾನದ ನಡುಭಾಗದ ಕೆಲವು ಶಾಸನಗಳು ಸಿಕ್ಕಿವೆ. ಸಿಂಹಾಸನದಲ್ಲಿ ಸದಾಶಿವರಾಯ, ಆಳ್ವಿಕೆ ಮಾತ್ರ ಅಳಿಯ ರಾಮರಾಯನದು. ರಾಮರಾಯನ ಗಡ್ಡ ಕೆರೆಯುತ್ತಿದ್ದವನು ಬಾದಾಮಿ ಕಡೆಯ ಕೊಂಡೋಜ. ಅವನ ಕೈಚಳಕಕ್ಕೆ ರಾಮರಾಯ ಮೆಚ್ಚಿದ. ಕೊಂಡೋಜ ತನಗೆಂದು ಊರು ಉಂಬಳಿ ಪಡೆದು ಸುಮ್ಮನಾಗಲಿಲ್ಲ, ತನ್ನ ಕಸುಬಿನವರೆಲ್ಲರ ಮೇಲಿದ್ದ ತೆರಿಗೆಯನ್ನೇ ತೆಗೆಸಿದ. ಬಿಟ್ಟಿ ಕೆಲಸ ಹೋಯಿತು, ನಿಗದಿ ತೆರಿಗೆ ಹೋಯಿತು, ಮಹಾನವಮಿಯಲ್ಲಿ ಪಂಜು ಹಿಡಿಯಬೇಕೆಂಬ ಹೊರೆಯೂ ಹೋಯಿತು. ಬೇರೆ ಬೇರೆ ಸೀಮೆಗಳ ಅಧಿಕಾರಿಗಳು ಇದನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು.

ಕೊಂಡೋಜನನ್ನು ನಾನು ಬಹಳ ಮೆಚ್ಚುತ್ತೇನೆ. ದೊರೆಯ ಕುತ್ತಿಗೆಯ ಮೇಲೆ ದಿನಾ ಕತ್ತಿ ಇಡುವವನು ಕೇಳಿದ್ದು ಇಷ್ಟೇ: ನಮ್ಮವರನ್ನು ಬಿಟ್ಟಿಗೆ ಎಳೆಯಬೇಡಿ. ಆದರೂ ಆ ಕಲ್ಲುಗಳನ್ನು ಓದುವಾಗ ಒಂದು ಅಳುಕು ಉಳಿಯುತ್ತದೆ. ಅದು ಮೆಚ್ಚುಗೆಯಿಂದ ಬಂದದ್ದು, ಹಕ್ಕಾಗಿ ಬಂದದ್ದಲ್ಲ. 1565ರಲ್ಲಿ ರಾಮರಾಯನ ತಲೆಯೇ ಹೋಯಿತು. ಮುಂದಿನ ಕಾಲದಲ್ಲಿ ಕಸುಬುದಾರರ ಮೇಲೆ ಮೊಹತರ್ಫಾ ಎಂಬ ಹೆಸರಿನಲ್ಲಿ ತೆರಿಗೆಗಳು ಇದ್ದೇ ಇದ್ದವು.

ಹಳ್ಳಿಯ ಮಟ್ಟದಲ್ಲಿ ನಡೆಯುತ್ತಿದ್ದದ್ದೇ ಬೇರೆ ಏರ್ಪಾಡು. ಹಳೆ ಮೈಸೂರಿನ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ತೋಟಿ, ತಳವಾರರ ಜತೆ ನಾಯಿಂದನೂ ಇದ್ದಾನೆ. ವರ್ಷವಿಡೀ ಊರಿನ ತಲೆ, ಗಡ್ಡ. ಮದುವೆಯಲ್ಲಿ ಮದುವಣಿಗನಿಗೆ, ಸಾವಿನಲ್ಲಿ ಕೇಶಮುಂಡನಕ್ಕೆ. ಅನೇಕ ಕಡೆ ಓಲಗ ಊದುವವರೂ ಅವರೇ, ಬಾಣಂತನಕ್ಕೆ ಸೂಲಗಿತ್ತಿಯಾಗಿ ಹೋಗುತ್ತಿದ್ದವರೂ ಅವರ ಮನೆಯ ಹೆಂಗಸರೇ. ಇದಕ್ಕೆಲ್ಲ ಪ್ರತಿಫಲ ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅಳೆದು ಕೊಡುವ ಕಾಳು. ಹೊಟ್ಟೆಗೆ ಭದ್ರತೆಯೇನೋ ಇತ್ತು. ಆದರೆ ಯಾರ ಮನೆಯ ಕಣದಿಂದ ಕಾಳು ಬರುತ್ತದೋ ಅವರು ಬೇಡವೆಂದವರ ತಲೆ ಮುಟ್ಟುವಂತಿರಲಿಲ್ಲ. ದಲಿತರಿಗೆ ಕ್ಷೌರ ಮಾಡದಿರುವುದು ಕ್ಷೌರಿಕನ ಸ್ವಂತ ತೀರ್ಮಾನವೆಂದು ನಾವು ಬಹಳ ಕಾಲ ಸುಲಭವಾಗಿ ಹೇಳಿಕೊಂಡು ಬಂದೆವು. ಅವನ ಬುಟ್ಟಿ ಯಾರ ಕಣದಲ್ಲಿ ತುಂಬುತ್ತಿತ್ತು ಎಂದು ಕೇಳಿದವರು ಕಡಿಮೆ.

ಇದನ್ನು ಮೊದಲು ಸಡಿಲಿಸಿದ್ದು ಕಾನೂನಲ್ಲ, ಕೂಲಿಯ ದುಡ್ಡು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹಾಕಿದಾಗ ತರೀಕೆರೆ ಆ ದಾರಿಯ ನಿಲ್ದಾಣವಾಯಿತು. ಆಮೇಲೆ ಇಲ್ಲಿಂದ ನರಸಿಂಹರಾಜಪುರದ ಕಾಡಿಗೆ ಟ್ರಾಮು ಹೋಯಿತು. ಪಕ್ಕದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತು, ಅದಕ್ಕೆ ಅದಿರು ಕೆಮ್ಮಣ್ಣುಗುಂಡಿಯಿಂದ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ. ಎಲ್ಲಿಂದಲೋ ಬಂದ ಕೂಲಿಯವರು, ಗ್ಯಾಂಗ್‌ಮನ್‌ಗಳು, ಮೇಸ್ತ್ರಿಗಳು, ಲಾರಿ ಡ್ರೈವರುಗಳು. ಇವರು ಯಾವ ಊರಿನ ಆಯಕ್ಕೂ ಸೇರಿದವರಲ್ಲ, ಕಣದಲ್ಲಿ ಕಾಳು ಅಳೆಯುವವರೂ ಅಲ್ಲ. ಇವರ ಗಡ್ಡವೂ ಬೆಳೆಯುತ್ತದೆ, ಕೈಯಲ್ಲಿ ಕಾಸಿದೆ. ಇಂಥವರು ಸೇರುವ ಕಡೆ, ಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಇಟ್ಟುಕೊಂಡು ಕುಳಿತರೆ ಗಿರಾಕಿಯೇ ಹುಡುಕಿಕೊಂಡು ಬರುತ್ತಾನೆ. ಅಂಗಡಿ ಹುಟ್ಟುವುದು ಹಾಗೆ. 'ಸೆಲೂನು' ಎಂಬ ಪದ ಫ್ರೆಂಚರ ದಿವಾನಖಾನೆಯಿಂದ ಹೊರಟು, ಇಂಗ್ಲಿಷರ ಬಾಯಲ್ಲಿ ತಿರುಗಿ, ನಮ್ಮ ತಗಡಿನ ಬೋರ್ಡಿನ ಮೇಲೆ ಬಂದು ಕುಳಿತದ್ದೂ ಇಂಥ ಊರುಗಳಲ್ಲೇ.

ಅಂಗಡಿಯಾದ ಮೇಲೆ ಮುನಿಸಿಪಾಲಿಟಿ ಬರಲೇಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ರೈಲಿನಲ್ಲೇ. ಆ ಹೆದರಿಕೆ ಮೈಸೂರು ಸಂಸ್ಥಾನದ ಪಟ್ಟಣಗಳ ಆಡಳಿತಕ್ಕೆ ನೈರ್ಮಲ್ಯದ ಕಣ್ಣು ಕೊಟ್ಟಿತು. ಚರಂಡಿ, ಕಸಾಯಿಖಾನೆ, ಹೋಟೆಲು, ಕ್ಷೌರದಂಗಡಿ ಎಲ್ಲವೂ ಆರೋಗ್ಯ ನಿರೀಕ್ಷಕರ ನೋಟ್‌ಬುಕ್ಕಿಗೆ ಬಿದ್ದವು. ಇಂದು ತರೀಕೆರೆಯಂಥ ಪುರಸಭೆಗಳು ನಡೆಯುವುದು 1964ರ ಪುರಸಭೆಗಳ ಅಧಿನಿಯಮದ ಮೇಲೆ. ಜನರ ಆರೋಗ್ಯಕ್ಕೆ ತಾಗುವ ಕಸುಬುಗಳನ್ನು ಪರವಾನಗಿ ಇಲ್ಲದೆ ನಡೆಸಬಾರದು ಎನ್ನುವುದೇ ಇದರ ತಿರುಳು.

ಇಂದು ಇಲ್ಲಿ ಯಾರಾದರೂ ಅಂಗಡಿ ತೆರೆಯಹೊರಟರೆ ಮೊದಲು ಬೇಕಾದದ್ದು ಈ ಉದ್ದಿಮೆ ಪರವಾನಗಿ. ಮಳಿಗೆಯ ಬಾಡಿಗೆ ಕರಾರು, ಕಟ್ಟಡದ ಕಂದಾಯ ಕಟ್ಟಿದ ರಸೀದಿ, ಗುರುತಿನ ಚೀಟಿ ಇಟ್ಟು ಪುರಸಭೆಗೆ ಅರ್ಜಿ; ಮನೆಯ ಮೀಟರಿನಲ್ಲಿ ಅಂಗಡಿ ನಡೆಸುವಂತಿಲ್ಲ, ವಾಣಿಜ್ಯ ಸಂಪರ್ಕ ಬೇಕು. ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಆಮೇಲೆ ಕಾರ್ಮಿಕ ಇಲಾಖೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ನೋಂದಣಿ. ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂಬುದೆಲ್ಲ ಅದರಲ್ಲಿದೆ. ರಜೆಯ ವಿಷಯದಲ್ಲಿ ಮಾತ್ರ ಇಲಾಖೆಗೆ ಕಷ್ಟವಿರಲಿಲ್ಲ. ಮಂಗಳವಾರ ಯಾರೂ ತಲೆಗೂದಲು ತೆಗೆಸುವುದಿಲ್ಲ, ಹಾಗಾಗಿ ಕಾನೂನು ಬರುವ ಮೊದಲೇ ಶಾಸ್ತ್ರ ರಜೆ ಕೊಟ್ಟಾಗಿತ್ತು.

ಇಷ್ಟರಲ್ಲಿ ಒಂದು ವಿಚಿತ್ರವಿದೆ. ಈ ಕಾಗದಗಳಲ್ಲಿ ಯಾವುದೂ ನಿನಗೆ ಕತ್ತರಿ ಹಿಡಿಯಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಅಮೆರಿಕದ ಮಿನೆಸೋಟ 1897ರಲ್ಲೇ ಕ್ಷೌರಿಕರಿಗೆ ಲೈಸೆನ್ಸು ಕಡ್ಡಾಯ ಮಾಡಿತು. ಅಲ್ಲಿ ಇಂದು ಹಲವು ರಾಜ್ಯಗಳಲ್ಲಿ ಸಾವಿರ ಗಂಟೆಗೂ ಮಿಕ್ಕಿ ಶಾಲೆಯಲ್ಲಿ ಕಲಿತು, ಪರೀಕ್ಷೆ ಪಾಸಾಗಿ, ಆಮೇಲೆ ಕತ್ತರಿ. ಅಲ್ಲಿ ಪರವಾನಗಿ ಕೈಗೆ, ಇಲ್ಲಿ ಜಾಗಕ್ಕೆ. ನಮ್ಮಲ್ಲಿ ಕೈ ಜಾತಿಯಿಂದಲೇ ಬರುತ್ತದೆಂದು ಎಲ್ಲರೂ ಒಪ್ಪಿಕೊಂಡಿದ್ದರಿಂದ ಯಾರಿಗೂ ಪರೀಕ್ಷೆ ಬೇಕೆನಿಸಲಿಲ್ಲವೇನೋ. ಅಪ್ಪನ ಪಕ್ಕ ನಿಂತು, ಮೊದಲು ಕೂದಲು ಗುಡಿಸಿ, ಆಮೇಲೆ ನೊರೆ ಹಚ್ಚಿ, ಕೊನೆಗೆ ಕತ್ತಿ. ಆ ವಿದ್ಯೆಗೆ ಸರ್ಕಾರ ಗುರುತಿನ ಚೀಟಿಯೊಂದನ್ನು ಕೊಡಲು 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬರಬೇಕಾಯಿತು. ಅದರ 18 ಕಸುಬುಗಳಲ್ಲಿ ಕ್ಷೌರವೂ ಒಂದು.

ಹಾಗಾದರೆ ಜಾಗಕ್ಕೆ ಮಾತ್ರ ಕೊಡುವ ಕಾಗದದಿಂದ ಏನು ಲಾಭ? ಲಾಭ ಆ 'ಜಾಗ' ಎಂಬ ಮಾತಿನಲ್ಲೇ ಇದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇಂದಿನ 15ನೇ ವಿಧಿಯ ಚರ್ಚೆ ನಡೆಯಿತು. ಅಂಗಡಿ, ಹೋಟೆಲು, ಬಾವಿಗಳಿಗೆ ಜಾತಿಯ ಕಾರಣದಿಂದ ಯಾರನ್ನೂ ತಡೆಯುವಂತಿಲ್ಲ ಎನ್ನುವ ವಿಧಿ ಅದು. ಅಂಗಡಿ ಎಂದರೆ ಸರಕು ಮಾರುವ ಕಡೆ ಮಾತ್ರವೇ ಎಂಬ ಪ್ರಶ್ನೆ ಬಂತು. ಅಂಬೇಡ್ಕರ್ ಆ ಪದವನ್ನು ವಿಶಾಲವಾಗಿ ಬಿಡಿಸಿದರು: ಬಂದವರಿಗೆ ತನ್ನ ಸೇವೆ ಕೊಡಲು ಒಬ್ಬ ತೆರೆದು ಕುಳಿತ ಜಾಗವೆಲ್ಲ ಅಂಗಡಿಯೇ. ಮನೆಗೆ ಕರೆಸಿಕೊಂಡು ಜಗಲಿಯಲ್ಲಿ ಮಾಡಿಸುವ ಕ್ಷೌರ ಈ ವಿಧಿಯ ಹಿಡಿತಕ್ಕೆ ಸುಲಭವಾಗಿ ಸಿಗದು. ಬೋರ್ಡು ಹಾಕಿ ಕುರ್ಚಿ ಇಟ್ಟರೆ ಸಿಗುತ್ತದೆ.

ಏಳು ವರ್ಷ ಬಿಟ್ಟು ಬಂದ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ, 1976ರ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ ಎಂದಾಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ ಅಪರಾಧ ಎನ್ನುತ್ತದೆ ಅದರ 6ನೇ ಕಲಂ. 8ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಾಗೆ ಶಿಕ್ಷೆಯಾದವನ ಕಸುಬಿಗೆ ಪರವಾನಗಿ ಇದ್ದರೆ, ಅದನ್ನು ರದ್ದು ಮಾಡಲು ಅಥವಾ ಕೆಲಕಾಲ ತಡೆಹಿಡಿಯಲು ನ್ಯಾಯಾಲಯ ಆದೇಶಿಸಬಹುದು. ಊದಿನಕಡ್ಡಿಯ ಹೊಗೆ ತಾಗುವ ಆ ಕಾಗದದ ಬೆನ್ನಿಗೆ ಹೀಗೊಂದು ಷರತ್ತು ಇದೆಯೆಂದು ನಾನು ಓದಿ ತಿಳಿದದ್ದು ನಡುವಯಸ್ಸಿನಲ್ಲಿ. ಬೆಂಚಿನ ಮೇಲೆ ಯಾರು ಯಾರ ಪಕ್ಕ ಕುಳಿತರೂ ಸರದಿಯಂತೆ ಕುರ್ಚಿ ಸಿಗುತ್ತಿದ್ದದ್ದು ಬರಿಯ ಅಂಗಡಿಯವರ ಒಳ್ಳೆಯತನವಷ್ಟೇ ಆಗಿರಬೇಕಿಲ್ಲ ಎಂದು ಆಗ ಹೊಳೆಯಿತು.

ಆದರೆ ಪಟ್ಟಣದ ಗಡಿ ದಾಟಿದರೆ ಈ ಷರತ್ತಿನ ಹಲ್ಲು ಉದುರುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಕ್ಷೌರದಂಗಡಿಯೆಂದರೆ ಒಂದು ಚಪ್ಪರ, ಒಂದು ಕುರ್ಚಿ. ಪರವಾನಗಿಯೇ ಇಲ್ಲದಿದ್ದರೆ ರದ್ದು ಮಾಡುವುದೇನನ್ನು? ಇನ್ನೊಂದು ಮುಖವೂ ಇದೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯ ಕ್ಷೌರಿಕರೊಬ್ಬರ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಊರಿನ ಬಲಿಷ್ಠರು 50 ಸಾವಿರ ರೂಪಾಯಿ ದಂಡ ಕೇಳಿ, ಬಹಿಷ್ಕಾರ ಹಾಕಿದ್ದಾರೆ ಎಂಬುದು ಅವರ ದೂರು. ಕಾನೂನು ಕೊಡದವನನ್ನು ಹಿಡಿಯುತ್ತದೆ. ಊರು ಕೊಟ್ಟವನನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾವ ಸಮಾಜ ಕಲ್ಯಾಣ ಇಲಾಖೆಯ ಕಡೆಯಿಂದ ಕೇಳಿಬಂತು. ಓದಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಕಣದ ಕಾಳಿನ ಹಂಗಿಲ್ಲದ ಒಂದು ಕುರ್ಚಿ ಊರಿಗೊಂದು ಇರಲಿ ಎಂಬ ಆಸೆ ಅದರಲ್ಲಿತ್ತು.

ಅದೇ ವರ್ಷದ ಮೊದಲ ಭಾಗದಲ್ಲಿ ಕಾಗದದ ಇನ್ನೊಂದು ಬೆಲೆ ಗೊತ್ತಾಯಿತು. ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅಂಗಡಿಗಳು ಮುಚ್ಚಿದವು. ಮೈ ಮುಟ್ಟದೆ ಮಾಡಲಾಗದ ಕೆಲಸ, ಮೇ 19ರವರೆಗೆ ಬಾಗಿಲು ತೆರೆಯಲಿಲ್ಲ. ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ಮುಖ್ಯಮಂತ್ರಿ ಯಡಿಯೂರಪ್ಪ ಮೇ ತಿಂಗಳ ಮೊದಲ ವಾರದಲ್ಲಿ ಘೋಷಿಸಿದರು. ಅರ್ಜಿ ಸೇವಾ ಸಿಂಧುವಿನಲ್ಲಿ. ಜತೆಗೆ ತಾನು ಕ್ಷೌರಿಕನೇ ಎಂದು ತೋರಿಸುವ ಪತ್ರ ಬೇಕು. ತಲೆಮಾರುಗಳಿಂದ ಊರೆಲ್ಲ ಕಸುಬಿನ ಹೆಸರಿನಿಂದಲೇ ಕರೆದ, ಅದನ್ನೇ ಬೈಗುಳವನ್ನಾಗಿಯೂ ಮಾಡಿದ ಜನ, ತಾವು ಅದೇ ಕಸುಬಿನವರೆಂದು ಕಾಗದದಲ್ಲಿ ಬರೆಸಿಕೊಳ್ಳಲು ಕಚೇರಿಯ ಬಾಗಿಲಲ್ಲಿ ನಿಂತರು. ಗೋಡೆಯ ಮೇಲೆ ಕಾಗದ ಇದ್ದವರಿಗೆ ತೋರಿಸಲು ಏನೋ ಒಂದು ಇತ್ತು. ಮರದಡಿಯವರಿಗೂ, ಇನ್ನೊಬ್ಬರ ಅಂಗಡಿಯಲ್ಲಿ ಕುರ್ಚಿ ಹಿಡಿದವರಿಗೂ ಅದೂ ಇರಲಿಲ್ಲ.

ಈಗ ಬಿ.ಎಚ್. ರಸ್ತೆಯಲ್ಲಿ ಹವಾನಿಯಂತ್ರಿತ ಸಲೂನುಗಳಿವೆ, ಹೆಂಗಸರು ನಡೆಸುವ ಬ್ಯೂಟಿ ಪಾರ್ಲರುಗಳಿವೆ. ಉತ್ತರದ ಕಡೆಯಿಂದ ಬಂದ ಹುಡುಗರು ಹಿಂದಿ ಬೆರೆಸಿದ ಕನ್ನಡದಲ್ಲಿ 'ಫೇಡ್ ಮಾಡ್ಲಾ' ಎಂದು ಕೇಳುತ್ತಾರೆ. ಪರವಾನಗಿ ಜಾತಿ ಕೇಳುವುದಿಲ್ಲವಾದ್ದರಿಂದ ಬಂಡವಾಳ ಇದ್ದವರೆಲ್ಲ ಅಂಗಡಿ ಹಾಕಬಹುದು; ಸವಿತಾ ಸಮಾಜದವರಿಗೆ ಇದೊಂದು ಆತಂಕ. ಅವರು ಹೇಳುವುದರಲ್ಲಿ ಅರ್ಥವಿದೆ. ಕಸುಬಿನ ಅವಮಾನವನ್ನೆಲ್ಲ ಹೊತ್ತದ್ದು ಒಂದು ಜನ, ಕಸುಬಿಗೆ ಮರ್ಯಾದೆ ಬಂದಾಗ ಲಾಭ ಇನ್ನೊಬ್ಬರಿಗೆ.

ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಈಗ ಮಗ ನಿಂತಿದ್ದಾನೆ. ಕಳೆದ ಬಾರಿ ಹೋದಾಗ ಗಾಜಿನ ಚೌಕಟ್ಟಿನಲ್ಲಿ ಹೊಸ ಕಾಗದ ಕಂಡಿತು, ಆನ್‌ಲೈನಿನಲ್ಲಿ ತೆಗೆಸಿದ್ದು. ಹಳೆಯದೇನಾಯಿತು ಎಂದು ಕೇಳಿದೆ.

"ಹಿಂದ್ಗಡೇನೇ ಇದೆ ಸಾರ್. ಅಪ್ಪ ಯಾವ್ದನ್ನೂ ಬಿಸಾಕಕ್ಕೆ ಬಿಡಲ್ಲ. ವರ್ಷಕ್ಕೊಂದು, ಒಂದರ ಹಿಂದೊಂದು ಸೇರ್ಸಿದಾರೆ" ಎಂದು ಚೌಕಟ್ಟನ್ನು ಸ್ವಲ್ಪ ಓರೆ ಮಾಡಿ ತೋರಿಸಿದ. ಎರಡು ಬೆರಳು ದಪ್ಪವಿತ್ತು. ಆಮೇಲೆ ಹೊಸ ಬ್ಲೇಡನ್ನು ನನ್ನ ಕಣ್ಣೆದುರಿಗೇ ಮುರಿದು ಅರ್ಧವನ್ನು ಕತ್ತಿಗೆ ಸಿಕ್ಕಿಸಿ, ಬೆಂಚಿನ ಕಡೆ ತಿರುಗಿ, ಮುಂದಿನ ಸರದಿ ಯಾರದು ಎಂದು ಕೇಳಿದ.