ಗೃಹ ಗಣಕಯಂತ್ರದಲ್ಲಿ ಉಳಿದಿರುವ ವೈಫೈ ಜಾಲಗಳ ವಿವರಗಳ ನಿರ್ವಹಣೆ

ಗಣಕಯಂತ್ರವನ್ನು ನಿಸ್ತಂತು (ವೈಫೈ) ಜಾಲವೊಂದಕ್ಕೆ ಮೊದಲ ಬಾರಿ ಸಂಪರ್ಕಿಸಿದಾಗ ಆ ಜಾಲದ ಹೆಸರು, ಭದ್ರತಾ ವಿಧಾನ ಹಾಗೂ ಪಾಸ್‌ವರ್ಡ್ ಯಂತ್ರದಲ್ಲಿಯೇ ದಾಖಲಾಗುತ್ತವೆ. ಈ ದಾಖಲೆಗೆ ‘ಪ್ರೊಫೈಲ್’ ಎಂದು ಹೆಸರು. ಜಾಲದ ಬಳಕೆ ನಿಂತರೂ ಪ್ರೊಫೈಲ್ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.

ನಿರ್ವಹಣೆಯ ಅಗತ್ಯ

ಪಾಸ್‌ವರ್ಡ್ ಇಲ್ಲದ ಸಾರ್ವಜನಿಕ ಜಾಲದ ಪ್ರೊಫೈಲ್ ಉಳಿದಿದ್ದಲ್ಲಿ, ಅದೇ ಹೆಸರಿನಲ್ಲಿ ದುರುದ್ದೇಶದಿಂದ ಸ್ಥಾಪಿಸಿದ ನಕಲಿ ಜಾಲಕ್ಕೂ ಗಣಕಯಂತ್ರವು ತಾನಾಗಿಯೇ ಸಂಪರ್ಕಗೊಳ್ಳುವ ಸಾಧ್ಯತೆ ಇರುತ್ತದೆ. ಅಲ್ಲದೆ, ವಿಂಡೋಸ್ ಗಣಕಯಂತ್ರದಲ್ಲಿ ಉಳಿದಿರುವ ಪಾಸ್‌ವರ್ಡನ್ನು ನಿರ್ವಾಹಕ (ಅಡ್ಮಿನಿಸ್ಟ್ರೇಟರ್) ಅಧಿಕಾರವುಳ್ಳ ಬಳಕೆದಾರರು ಓದಬಹುದು. ಆದುದರಿಂದ ಹಳೆಯ ಗಣಕಯಂತ್ರವನ್ನು ಹಾಗೆಯೇ ಮಾರಾಟ ಮಾಡುವುದು ಮನೆಯ ಜಾಲದ ಕೀಲಿಯನ್ನು ಅಪರಿಚಿತರಿಗೆ ಒಪ್ಪಿಸಿದಂತೆ.

ಮನೆಯ ಜಾಲವು ಅನ್ಯರ ಕೈಸೇರುವುದರ ಪರಿಣಾಮ ಗಂಭೀರವಾದುದು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸಂಬಂಧಿಸಿದ ಇಮೇಲ್ ಒಂದನ್ನು ನವಿ ಮುಂಬೈನ ಮನೆಯೊಂದರ ವೈಫೈ ಜಾಲದ ಮೂಲಕ ಕಳುಹಿಸಲಾಗಿತ್ತು. ತನಿಖೆಯು ಮೊದಲು ತಲುಪಿದ್ದು ಆ ಮನೆಯನ್ನೇ.

ಪ್ರೊಫೈಲ್ ಅಳಿಸುವ ವಿಧಾನ (ವಿಂಡೋಸ್ 10 ಮತ್ತು 11)

1. ‘ಸ್ಟಾರ್ಟ್’ ಗುಂಡಿಯನ್ನು ಒತ್ತಿ ‘ಸೆಟ್ಟಿಂಗ್ಸ್’ ತೆರೆಯುವುದು.
2. ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ವಿಭಾಗದಲ್ಲಿ ‘ವೈಫೈ’ ಆಯ್ಕೆ ಮಾಡುವುದು.
3. ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಒತ್ತಿದಲ್ಲಿ ಉಳಿದಿರುವ ಜಾಲಗಳ ಪಟ್ಟಿ ಕಾಣುತ್ತದೆ.
4. ಬೇಡವಾದ ಜಾಲದ ಮುಂದೆ ‘ಫರ್ಗೆಟ್’ ಒತ್ತುವುದು.

ಗಮನಿಸಬೇಕಾದ ಅಂಶಗಳು

• ಪ್ರೊಫೈಲ್ ಅಳಿಸಿದ ಜಾಲವನ್ನು ಮತ್ತೆ ಬಳಸಲು ಪಾಸ್‌ವರ್ಡ್ ನಮೂದಿಸಬೇಕಾಗುವುದರಿಂದ, ಅದು ತಿಳಿದಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.
• ಜಾಲದ ಪಾಸ್‌ವರ್ಡ್ ಬದಲಾದ ನಂತರ ಸಂಪರ್ಕ ದೊರೆಯದಿದ್ದಲ್ಲಿ, ಹಳೆಯ ಪ್ರೊಫೈಲನ್ನು ಅಳಿಸಿ ಹೊಸದಾಗಿ ಸಂಪರ್ಕಿಸುವುದು.
• ಅಪರೂಪಕ್ಕೆ ಬಳಸುವ ಜಾಲಗಳಿಗೆ ಸ್ವಯಂಚಾಲಿತ ಸಂಪರ್ಕದ ಆಯ್ಕೆಯನ್ನು ನಿಷ್ಕ್ರಿಯಗೊಳಿಸುವುದು ಸೂಕ್ತ.
• ಗಣಕಯಂತ್ರವನ್ನು ಮಾರುವ ಅಥವಾ ದಾನ ನೀಡುವ ಮೊದಲು, ಅಗತ್ಯ ಕಡತಗಳ ಪ್ರತಿ ತೆಗೆದುಕೊಂಡು, ‘ರಿಸೆಟ್ ದಿಸ್ ಪಿಸಿ’ ಸೌಲಭ್ಯದಲ್ಲಿ ‘ರಿಮೂವ್ ಎವೆರಿಥಿಂಗ್’ ಆಯ್ಕೆಯ ಮೂಲಕ ಎಲ್ಲ ಮಾಹಿತಿಯನ್ನು ಅಳಿಸತಕ್ಕದ್ದು.

ಪ್ರೊಫೈಲ್ ಅಳಿಸುವುದರಿಂದ ರೂಟರ್‌ನ ಪಾಸ್‌ವರ್ಡ್ ಬದಲಾಗುವುದಿಲ್ಲ. ಗಣಕಯಂತ್ರವು ಈಗಾಗಲೇ ಕಳುವಾಗಿದ್ದಲ್ಲಿ ಅಥವಾ ಪ್ರೊಫೈಲ್ ಸಹಿತ ಬೇರೆಯವರಿಗೆ ಹಸ್ತಾಂತರವಾಗಿದ್ದಲ್ಲಿ, ರೂಟರ್‌ನಲ್ಲಿಯೇ ಪಾಸ್‌ವರ್ಡ್ ಬದಲಾಯಿಸಿ, ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಭದ್ರತೆ ಚಾಲ್ತಿಯಲ್ಲಿರುವುದನ್ನು ತಪ್ಪದೇ ಪರಿಶೀಲಿಸತಕ್ಕದ್ದು.